ಸಾಹೇಬರ ಹುಲ್ಲು, ಸೋಮಿಯ ಗರಿಕೆ

ಹುಲ್ಲನ್ನು ಯಾರಾದರೂ ಬೇಕೆಂದೇ ಬೆಳೆಸುತ್ತಾರೆ ಎಂಬುದು ನನಗೆ ಇಪ್ಪತ್ತೆಂಟು ವರ್ಷ ತುಂಬುವವರೆಗೆ ಗೊತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ನೀವು ಅಂಕೋಲೆಯಲ್ಲಿ ಹುಟ್ಟಿದ್ದರೆ ನಿಮಗೂ ಗೊತ್ತಿರುತ್ತಿರಲಿಲ್ಲ. ನಮ್ಮ ಕಡೆ ಮಳೆ ಹಿಡಿದ ಎಂಟು ದಿನಕ್ಕೆ ಹುಲ್ಲು ತಾನಾಗಿಯೇ ಬರುತ್ತದೆ. ಅಂಗಳದಲ್ಲಿ ಬರುತ್ತದೆ, ಬಾವಿಕಟ್ಟೆಯ ಸಂದಿಯಲ್ಲಿ ಬರುತ್ತದೆ, ಹಂಚಿನ ಮೇಲೆ ಬರುತ್ತದೆ. ಒಂದು ವರ್ಷ ನನ್ನ ಅಜ್ಜ ಹಿತ್ತಲಲ್ಲಿ ಕಾಲಿನಿಂದ ಕಳಚಿಟ್ಟು ಮರೆತ ಚಡಾವಿನೊಳಗೂ ಬಂದಿತ್ತು. ಅದನ್ನು ಕೀಳುತ್ತ ಕೀಳುತ್ತ ನಮ್ಮ ಹೆಂಗಸರ ಸೊಂಟ ಬೀಳುತ್ತದೆ. ಹೀಗಿರುವಾಗ ಯಾರೋ ಒಬ್ಬರು ಹುಲ್ಲಿನ ಬೀಜವನ್ನು ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಮೇಣ ಹಾಕಿ, ಏಳು ಸಮುದ್ರ ದಾಟಿಸಿ ಕಾರವಾರಕ್ಕೆ ತರಿಸಿದ್ದಾರೆ ಎಂದು ಕೇಳಿದಾಗ, ಪಾಪ, ಯಾರೋ ಅವರಿಗೆ ಮೋಸ ಮಾಡಿದ್ದಾರೆ ಎಂದೇ ನಾನು ತಿಳಿದೆ.

ತರಿಸಿದವರು ನಮ್ಮ ಸಾಹೇಬರು. ಆಗ ನಾನು ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ; ಅದರ ಹೆಸರು ಹೇಳಿದರೆ ಈ ಪ್ರಬಂಧದ ಅರ್ಧ ಜಾಗ ಅದಕ್ಕೇ ಬೇಕಾಗುತ್ತದೆ. ಹಂಗಾಮಿ ಎಂದರೇನೆಂದು ಮಾತ್ರ ಹೇಳಬೇಕು. ಕಾಯಂ ಆದವನ ಕುರ್ಚಿಗೆ ಕೈಗಳಿದ್ದವು, ನನ್ನದಕ್ಕೆ ಇರಲಿಲ್ಲ. ಕಾಯಂ ಆದವನು ರಜೆ ಕೇಳುತ್ತಿದ್ದ, ನಾನು ಕ್ಷಮೆ ಕೇಳುತ್ತಿದ್ದೆ. ಇದನ್ನೆಲ್ಲ ಸಹಿಸಬಹುದಾಗಿತ್ತು. ಆದರೆ ಮದುವೆಯಾಗಿ ಮೂರು ವರ್ಷವಾಗಿತ್ತು, ಹೆಂಡತಿ ಅಂಕೋಲೆಯಲ್ಲಿ ಹನ್ನೊಂದು ಜನರಿರುವ ನಮ್ಮ ಮನೆಯಲ್ಲಿದ್ದಳು, ನಾನು ಕಾರವಾರದ ಖಾನಾವಳಿಯಲ್ಲಿ ತಿಳಿಸಾರು ಉಣ್ಣುತ್ತಿದ್ದೆ. ಕಾಯಂ ಆದ ಮರುದಿನವೇ ಕಾರವಾರದಲ್ಲಿ ಮನೆ ಮಾಡಿ ಕರೆದುಕೊಂಡು ಬರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಮೂರು ವರ್ಷಗಳಿಂದ ಶನಿವಾರ ಶನಿವಾರ ಅದೇ ಮಾತನ್ನು ಕೊಡುತ್ತಲೇ ಇದ್ದೆ. ನನಗೆ ಬೇಕಾಗಿದ್ದದ್ದು ಸಾಹೇಬರ ಒಂದು ಸಹಿ, ಅಷ್ಟೆ.

ಆ ಸಹಿ ಬೀಳದಿರುವುದಕ್ಕೆ ನನ್ನ ಊರೂ ಒಂದು ಕಾರಣವಾಗಿತ್ತು. ಅಂಕೋಲೆಯವರೆಂದರೆ ಆಗ ತಾನೇ ಉಪ್ಪು ಕಾಸಿ ಸರಕಾರದ ಕಣ್ಣಿಗೆ ಖಾರ ಹಾಕಿದವರು. ನಾನು ಸ್ವತಃ ಹೆದರುಪುಕ್ಕಲ. ಉಪ್ಪು ಕಾಸುವುದಿರಲಿ, ಊಟದಲ್ಲಿ ಉಪ್ಪು ಕಡಿಮೆಯಾದರೂ ಕೇಳುವವನಲ್ಲ. ಆದರೆ ಸಾಹೇಬರಿಗೆ ಇದನ್ನು ಹೇಗೆ ತಿಳಿಸುವುದು? ಅವರು ನನ್ನ ಕಾಗದದ ಮೇಲೆ ಊರಿನ ಹೆಸರು ಓದಿ, ನನ್ನ ಟೊಪ್ಪಿಗೆ ನೋಡಿ, ಕಾಗದವನ್ನು ಮತ್ತೆ ಕೆಳಗಿನ ಕಟ್ಟಿನಲ್ಲಿ ಸೇರಿಸುತ್ತಿದ್ದರು.

ಆ ವರ್ಷ ಮೇ ತಿಂಗಳ ಕೊನೆಯ ಹಡಗು ಬೈತಖೋಲ ಬಂದರಿಗೆ ಬಂದಾಗ ಅದರಲ್ಲಿ ಈ ಬೀಜದ ಡಬ್ಬಿ ಬಂತು. ಸಾಹೇಬರ ಬಂಗಲೆಯ ಮುಂದೆ ಸಮುದ್ರದ ಕಡೆಗೆ ಒಂದು ಬೋಳು ನೆಲವಿತ್ತು. ಅಲ್ಲಿ ಒಂದು ಹುಲ್ಲುಹಾಸು ಆಗಬೇಕು, ಅದರ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಚಹಾ ಕುಡಿಯಬೇಕು ಎಂದು ಸಾಹೇಬರ ಹೆಂಡತಿ ಮಡ್ಡಮ್ಮನವರ ಆಸೆ. ಆದರೆ ಮಳೆಗಾಲಕ್ಕೆ ಇಬ್ಬರೂ ಪುಣೆಗೆ ಹೊರಟಿದ್ದರು. ಸಾಹೇಬರು ನನ್ನನ್ನು ಕರೆದು ಡಬ್ಬಿಯನ್ನು ಕೈಗೆ ಕೊಟ್ಟು, "ನಾವು ತಿರುಗಿ ಬರುವಷ್ಟರಲ್ಲಿ ಇದು ಹಸಿರಾಗಿರಬೇಕು. ನಿಮ್ಮ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ಆಗ ನೋಡೋಣ. ಹದಿನೈದು ದಿನಕ್ಕೊಮ್ಮೆ ಬರೆದು ತಿಳಿಸಿ" ಎಂದರು. ಕಚೇರಿಯಲ್ಲಿ ಏಳು ಜನ ಗುಮಾಸ್ತರಿರುವಾಗ ನನ್ನನ್ನೇ ಏಕೆ ಆರಿಸಿದರು ಎಂದರೆ, ಹಿಂದೊಮ್ಮೆ ಯಾವುದೋ ಕಾಗದದಲ್ಲಿ ಒಂದು ಗಿಡದ ಲ್ಯಾಟಿನ್ ಹೆಸರನ್ನು ನಾನು ತಪ್ಪಿಲ್ಲದೆ ನಕಲು ಮಾಡಿದ್ದೆ. ವಿದ್ಯೆ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಹೇಳಲಾಗದು.

ನಾನು ಬೀಜ ಬಿತ್ತಿದ ರೀತಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಗಳಿಗೆ ಬೇಕಲ್ಲವೇ? ನೇರ ಭಟ್ಟರ ಮನೆಗೆ ಹೋದೆ. ಭಟ್ಟರು ಪಂಚಾಂಗ ಬಿಚ್ಚಿ, "ಏನು ಬಿತ್ತುವುದು? ಭತ್ತವೋ, ಉದ್ದೋ?" ಎಂದರು. ಹುಲ್ಲು ಎಂದೆ. ಅವರು ಕನ್ನಡಕದ ಮೇಲಿಂದ ಬಹಳ ಹೊತ್ತು ನೋಡಿದರು. ನನ್ನ ಜಾತಕದಲ್ಲಿ ಇಂಥದೇನಾದರೂ ಇತ್ತೇ ಎಂದು ನೆನಪಿಸಿಕೊಳ್ಳುತ್ತಿದ್ದಂತೆ ಕಂಡಿತು. ಕೊನೆಗೆ ಹುಲ್ಲಿಗೆ ಬೇರೆ ಮುಹೂರ್ತವಿಲ್ಲ, ಧಾನ್ಯಕ್ಕೆ ಹೇಳಿದ್ದೇ ನಡೆಯುತ್ತದೆ ಎಂದು ತೀರ್ಮಾನಿಸಿ, ಮೃಗಶಿರಾ ಮಳೆಯ ಮೂರನೆಯ ದಿನ, ಬೆಳಗಿನ ಒಂದು ಶುಭ ಲಗ್ನವನ್ನು ಬರೆದುಕೊಟ್ಟರು. ನಾನು ಸ್ನಾನ ಮಾಡಿ, ಮಡಿಯುಟ್ಟು, ಪೂರ್ವಕ್ಕೆ ಮುಖ ಮಾಡಿ ವಿಲಾಯತಿ ಹುಲ್ಲನ್ನು ಬಿತ್ತಿದೆ. ಬೀಜಗಳು ಜೀರಿಗೆಗಿಂತ ಸಣ್ಣಗಿದ್ದವು. ಬಿತ್ತಿ ಮುಗಿಸಿ ಕೈ ಮುಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ.

ಮಳೆಯ ನಕ್ಷತ್ರಗಳ ಬಗ್ಗೆ ನಮ್ಮ ಹಿರಿಯರು ಎಷ್ಟೊಂದು ಮಾತು ಕಟ್ಟಿದ್ದಾರೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತಾರೆ. ಆರಿದ್ರೆ ಹಿಡಿದರೆ ಬಿಡದು ಎನ್ನುತ್ತಾರೆ. ಆದರೆ ಈ ಮಾತುಗಳೆಲ್ಲ ಮಳೆಯನ್ನು ಬೆನ್ನ ಮೇಲೆ ಹೊತ್ತು ಗದ್ದೆಯಲ್ಲಿ ನಿಂತವರು ಆಡಿದ್ದು. ಕೊಡೆಯ ಕೆಳಗೆ ನಿಂತವನು ಅವನ್ನು ಬಾಯಿಪಾಠ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಶುಭ ಲಗ್ನ ಮುಗಿದ ಒಂದು ತಾಸಿನೊಳಗೆ ಸಮುದ್ರದ ಕಡೆಯಿಂದ ಕಪ್ಪಾಯಿತು. ಆಮೇಲೆ ಬಿದ್ದದ್ದು ಮಳೆಯಲ್ಲ, ಕೊಡಗಳನ್ನು ಬೋರಲು ಹಾಕಿದ್ದು. ಮೂರು ದಿನ ಬಿಡಲಿಲ್ಲ. ನಾಲ್ಕನೆಯ ದಿನ ಹೋಗಿ ನೋಡಿದರೆ ಬಂಗಲೆಯ ಮುಂದಿನ ನೆಲ ತೊಳೆದ ಹರಿವಾಣದಂತೆ ಸ್ವಚ್ಛವಾಗಿತ್ತು. ಸಾಹೇಬರ ಹುಲ್ಲು ಬಂದ ದಾರಿಗೆ ಸುಂಕವಿಲ್ಲದಂತೆ ಮತ್ತೆ ಸಮುದ್ರ ಸೇರಿತ್ತು. ಗಟಾರದ ಬಾಯಿಯಲ್ಲಿ ಮಾತ್ರ ಹತ್ತಾರು ಎಳೆ ಮೊಳೆತಿದ್ದವು. ವಾರದೊಳಗೆ ಅವೂ ಹಳದಿಯಾಗಿ ಕೊಳೆತವು.

ಆಗ ಪುಣೆಗೆ ಬರೆಯುವ ದಿನ ಬಂತು. ನಿಜ ಬರೆದರೆ ಕಾಯಂ ಹೋಯಿತು. ನಾನು ಪದಕೋಶ ತೆಗೆದು, ಒಳ್ಳೆಯ ಶಬ್ದ ಹುಡುಕಿ, ದುಂಡಾದ ಅಕ್ಷರದಲ್ಲಿ "ಮೊಳಕೆ ತೃಪ್ತಿಕರವಾಗಿದೆ" ಎಂದು ಇಂಗ್ಲಿಷಿನಲ್ಲಿ ಬರೆದೆ. ಹದಿನೈದು ದಿನಗಳ ನಂತರ "ಬೆಳವಣಿಗೆ ಸಮಾಧಾನಕರ" ಎಂದು ಬರೆದೆ. ಹುಲ್ಲು ಕಾಗದದ ಮೇಲೆ ಚೆನ್ನಾಗಿ ಬೆಳೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ನನಗೆ ಸೋಮಿ ಸಿಕ್ಕಳು. ಸಿಕ್ಕಳು ಎನ್ನುವುದೂ ಸರಿಯಲ್ಲ. ಅವಳು ದಿನವೂ ಅಲ್ಲಿಯೇ ಇದ್ದಳು, ನಾನು ನೋಡಿರಲಿಲ್ಲ. ಹತ್ತಿರದ ಅರ್ಗಾ ಹಳ್ಳಿಯ ಹಾಲಕ್ಕಿ ಗೌಡರ ಹೆಂಗಸು, ಐವತ್ತು ದಾಟಿದ ವಯಸ್ಸು, ಕೊರಳ ತುಂಬ ಮಣಿಸರ. ಸಾಹೇಬರ ಕುದುರೆಗೆಂದು ಅರ್ಗಾದಿಂದ ದಿನಾ ಹಸಿಹುಲ್ಲಿನ ಹೊರೆ ಹೊತ್ತು ತರುತ್ತಿದ್ದಳು. ಸಾಹೇಬರು ಇಲ್ಲದಿದ್ದರೂ ಕುದುರೆ ಇತ್ತಲ್ಲ. ನಾನು ಬೋಳು ನೆಲದ ಮುಂದೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದನ್ನು ಕಂಡು, ಹೊರೆ ಇಳಿಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು: "ಎಂತ ಒಡ್ಯಾ, ಎಂತ ಕಳ್ದೋಯ್ತು?"

ಹುಲ್ಲು ಕಳೆದುಹೋಯಿತು ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕು ಕಾಳು ಬೀಜವನ್ನು ಅಂಗೈಗೆ ಹಾಕಿಸಿಕೊಂಡು, ಹೊರಳಿಸಿ ನೋಡಿ, ಒಂದನ್ನು ಹಲ್ಲಲ್ಲಿ ಕಡಿದು, "ಬೀಜ ಕೆಟ್ಟದ್ದಲ್ಲ. ಅದ್ರ ಊರಲ್ಲಿ ಚಲೋ ಬೆಳೀತಿತ್ತು. ಪಾಪ, ಅದಕ್ಕೆ ನಮ್ಮ ಮಳೆ ಗೊತ್ತಿಲ್ಲ" ಎಂದಳು. ಆ ಬೀಜದ ಮೇಲೆ ಅವಳಿಗೆ ನಿಜವಾದ ಕನಿಕರ ಹುಟ್ಟಿದ್ದನ್ನು ಕಂಡೆ. ನನ್ನ ಮೇಲೆ ಹುಟ್ಟಿದಂತೆ ಕಾಣಲಿಲ್ಲ.

"ಚೌತಿಯೊಳಗೆ ಇದು ಹಸಿರಾಗಬೇಕು, ಸೋಮಿ. ಇಲ್ಲದಿದ್ದರೆ ನನ್ನ ಕತೆ ಮುಗಿಯಿತು" ಎಂದೆ. ಸಾಹೇಬರು ಚೌತಿಯ ಹೊತ್ತಿಗೆ ಬರುವುದಾಗಿ ಬರೆದಿದ್ದರು. ಆ ಕಾರಣವನ್ನು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. "ಚೌತಿಗಾ?" ಎಂದು ಮಾತ್ರ ಅಂದು, ನನ್ನ ಮುಖ ನೋಡಿ, ಮೊದಲ ಸಲ ಮೆಚ್ಚಿದವಳಂತೆ ತಲೆಯಾಡಿಸಿದಳು. "ಹಂಗಾರೆ ಗರ್ಕೆನೇ ಆಗ್ಬೇಕು. ನಾ ಮಾಡಿ ಕೊಡ್ತೆ."

ಮರುದಿನವೇ ಶುರು ಮಾಡುತ್ತಾಳೆ ಎಂದುಕೊಂಡೆ. ಅವಳು ಮಾಡಲಿಲ್ಲ. ದಿನಾ ಹೊರೆ ಇಳಿಸಿದ ಮೇಲೆ ಆ ನೆಲದ ನಾಲ್ಕು ಕಡೆ ಹೋಗಿ, ಹಿಮ್ಮಡಿಯಿಂದ ಮಣ್ಣನ್ನು ಒತ್ತುವಳು. ಒತ್ತಿದ ಗುಳಿಯಲ್ಲಿ ನೀರು ಬರುತ್ತಿತ್ತು. ಅದು ಇಂಗುವವರೆಗೆ ಎಲೆಯಡಿಕೆ ಜಗಿಯುತ್ತ ಕೂಡುವಳು. "ಇವತ್ತಿಲ್ಲ" ಎಂದು ಎದ್ದು ಹೋಗುವಳು. ಹತ್ತು ದಿನ ಹೀಗೆಯೇ ನಡೆಯಿತು. ನಾನು ಪಂಚಾಂಗ ಹಿಡಿದು, ನಾಳೆ ದಿನ ಚೆನ್ನಾಗಿದೆ, ನಾಡಿದ್ದು ಇನ್ನೂ ಚೆನ್ನಾಗಿದೆ ಎಂದು ಅವಸರಪಡಿಸಿದೆ. "ದಿನ ಚಲೋ ಇರ್ಬಹುದು ಒಡ್ಯಾ. ನೆಲ ಚಲೋ ಆಗ್ಬೇಕಲ್ಲ? ನೀರ ಕುಡ್ದು ಕುಡ್ದು ಅದಕ್ಕೆ ಹೊಟ್ಟೆ ಉಬ್ಬಿದೆ. ಈಗ ಎಂತ ಕೊಟ್ರೂ ವಾಂತಿ ಮಾಡ್ತದೆ" ಎಂದಳು. ನಾನು ಪಂಚಾಂಗವನ್ನು ಮಡಚಿ ಕೋಟಿನ ಕಿಸೆಗೆ ಹಾಕಿಕೊಂಡೆ.

ಕಾಯುವ ಈ ದಿನಗಳಲ್ಲಿಯೇ ಬೀಜದ ಪ್ರಶ್ನೆ ಬಂತು. ಗರಿಕೆಗೆ ಬೀಜವೇಕೆ, ಬಂಗಲೆಯ ಬೇಲಿಯ ಹೊರಗೆಯೇ ಬೇಕಾದಷ್ಟಿದೆ, ಕಿತ್ತು ನೆಟ್ಟರಾಯಿತು ಎಂದೆ. ಸೋಮಿ ಬೇಲಿಯ ಕಡೆ ತಿರುಗಿಯೂ ನೋಡಲಿಲ್ಲ. ಇಲ್ಲಿ ಸಮುದ್ರದ ಗಾಳಿ ಉಪ್ಪು ತರುತ್ತದೆ; ಮಳೆ ಇರುವವರೆಗೆ ಯಾವ ಗರಿಕೆಯೂ ನಗುತ್ತದೆ, ಮಳೆ ಬಿಟ್ಟ ಮೇಲೆ ಉಪ್ಪು ಕುಡಿದು ಬದುಕುವ ಗರಿಕೆ ಬೇರೆಯೇ ಇದೆ, ಅದು ತನ್ನ ತವರುಮನೆಯ ಕಡೆ ಗಜನಿಯ ಒಡ್ಡಿನ ಮೇಲೆ ಬೆಳೆಯುತ್ತದೆ ಎಂದಳು. ಗಜನಿ ಎಂದರೆ ಹೊಳೆಯ ಬಾಯಿಯಲ್ಲಿ ಭರತದ ಉಪ್ಪುನೀರು ಹೊಕ್ಕು ಹೋಗುವ ಗದ್ದೆ. ಅಲ್ಲಿ ಬೇರೆ ಭತ್ತ ಹಾಕಿದರೆ ಕರಟಿ ಹೋಗುತ್ತದೆ. ಕಗ್ಗ ಎಂಬ ಒಂದೇ ಭತ್ತ ಉಪ್ಪಿನಲ್ಲಿ ಕಾಲಿಟ್ಟು ತಲೆಯೆತ್ತಿ ನಿಲ್ಲುತ್ತದೆ. ಆ ಅಕ್ಕಿಯ ಗಂಜಿ ಉಂಡೇ ಬೆಳೆದ ನನಗೆ, ಹುಲ್ಲಿನಲ್ಲಿಯೂ ಹೀಗೊಂದು ಕಗ್ಗ ಇರಬಹುದೆಂದು ಹೊಳೆದಿರಲಿಲ್ಲ. ನನಗೆ ಲ್ಯಾಟಿನ್ ಹೆಸರು ಗೊತ್ತಿತ್ತು.

ಸೋಮಿಯ ತವರು ಅಂಕೋಲೆಯ ಸಮೀಪ. ಒಂದು ಭಾನುವಾರ ನಾವಿಬ್ಬರೂ ಅಲ್ಲಿಗೆ ಹೋಗಿ ಗರಿಕೆ ಕಿತ್ತು ತಂದೆವು. ಗದ್ದೆಯವರಿಗೆ ಆದ ಸಂತೋಷವನ್ನು ಏನೆಂದು ಹೇಳಲಿ! "ಬೇರ ಸಮೇತ ಒಯ್ಯಿರಿ, ಪುಣ್ಯ ಬರ್ತದೆ. ಮುಂದಿನ ವರ್ಷನೂ ಬನ್ನಿ" ಎಂದರು ಸೋಮಿಯ ಅಣ್ಣ. ತಿರುಗಿ ಬರುವಾಗ ಮೋಟಾರಿನಲ್ಲಿ ಕೋಟು ಟೊಪ್ಪಿಗೆಯ ನಾನು, ಕಾಲಡಿಯಲ್ಲಿ ಮೂರು ಗೋಣಿ ಹುಲ್ಲು. ಪಕ್ಕದಲ್ಲಿ ಕುಳಿತವರು ಗೋಣಿಯೊಳಗೆ ಬೆರಳು ಹಾಕಿ ನೋಡಿ, "ಕಾರವಾರದಲ್ಲಿ ಗರ್ಕೆಗೂ ಬರಗಾಲ ಬಂತಾ ಮಾರಾಯ್ರೆ?" ಎಂದು ಕೇಳಿದರು. ಕಾರವಾರ ಮುಟ್ಟುವವರೆಗೆ ಇಡೀ ಮೋಟಾರು ನನ್ನ ಬಗ್ಗೆ ಮಾತಾಡಿತು.

ಪುನರ್ವಸು ಮಳೆಯ ನಡುವೆ ಒಂದು ಬೆಳಗ್ಗೆ ಸೋಮಿಯ ಹಿಮ್ಮಡಿಯ ಗುಳಿಯಲ್ಲಿ ನೀರು ನಿಲ್ಲಲಿಲ್ಲ. "ಇವತ್ತೇ" ಎಂದಳು. ಅವಳು ಮಾಡಿದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಗರಿಕೆಯ ಬಳ್ಳಿಗಳನ್ನು ಕೊರಡಿನ ಮೇಲಿಟ್ಟು, ಪ್ರತಿ ತುಂಡಿಗೆ ಎರಡು ಗಿಣ್ಣು ಉಳಿಯುವಂತೆ ಕತ್ತಿಯಿಂದ ಕೊಚ್ಚಿದಳು. ಸಗಣಿ, ಕೆಮ್ಮಣ್ಣು, ನೀರು ಕಲಸಿ, ಅದರಲ್ಲಿ ಆ ತುಂಡುಗಳನ್ನು ಬೆರೆಸಿ, ಮಂಡಿಯೂರಿ ಕುಳಿತು, ಹಬ್ಬಕ್ಕೆ ನೆಲ ಸಾರಿಸುವಂತೆ ಅಂಗೈಯಿಂದ ಇಡೀ ಅಂಗಳವನ್ನು ಸಾರಿಸಿದಳು. ಒಂದೇ ದಪ್ಪ, ಒಂದೇ ಸಮ, ಅರ್ಧಚಂದ್ರದ ಗೆರೆಗಳು ಒಂದರ ಪಕ್ಕದಲ್ಲೊಂದು. ನೀರು ಹರಿದುಹೋಗಲು ಬೆರಳಗಲದ ಕಾಲುವೆಗಳನ್ನು ಓರೆಯಾಗಿ ಎಳೆದಳು. ಮೇಲೆ ತೆಂಗಿನ ಮಡಲು ಹೊದಿಸಿದಳು. ಹುಲ್ಲುಹಾಸಿನ ವಿಷಯವಾಗಿ ಡಬ್ಬಿಯ ಜೊತೆ ಬಂದ ಪುಸ್ತಕದಲ್ಲಿ ಹನ್ನೆರಡು ಪುಟಗಳಿದ್ದವು. ಅದರಲ್ಲಿ ಇರದಿದ್ದದ್ದೆಲ್ಲ ಅವಳ ಅಂಗೈಯಲ್ಲಿತ್ತು. ನಾನು ಸಹಾಯ ಮಾಡಲು ಹೋದಾಗ ಅವಳು ನಾನು ಸಾರಿಸಿದ ಭಾಗವನ್ನು ನೋಡಿ, ಮತ್ತೊಮ್ಮೆ ಸಾರಿಸಿದಳು.

ಎಂಟನೆಯ ದಿನ ಮಡಲು ಎತ್ತಿದಳು. ಎಲ್ಲೆಲ್ಲೂ ಸೂಜಿಮೊನೆಯಷ್ಟು ಹಸಿರು. ತಿಂಗಳೊಳಗೆ ನೆಲ ಕಾಣದಾಯಿತು. ಪುಷ್ಯದ ಮಳೆ, ಆಶ್ಲೇಷದ ಮಳೆ ಎಷ್ಟು ಬಾರಿಸಿದರೂ ಒಂದೆಳೆ ಕದಲಲಿಲ್ಲ. ನಾನು ಬೆಳಗ್ಗೆ ಸಂಜೆ ಹೋಗಿ ನೋಡುತ್ತಿದ್ದೆ. ಹುಲ್ಲನ್ನು ನೋಡಿ ಸಂತೋಷಪಡುವುದು ದನಗಳ ಸ್ವಭಾವ ಎಂದು ತಿಳಿದಿದ್ದೆ. ಮನುಷ್ಯನಿಗೂ ಸಾಧ್ಯ ಎಂದು ಆ ಮಳೆಗಾಲದಲ್ಲಿ ಕಲಿತೆ. ಪುಣೆಗೆ ಬರೆದ ಕಾಗದಗಳೂ ಈಗ ನಿಜವಾಗುತ್ತ ಬಂದಿದ್ದವು. ನೆಟ್ಟವರು ಯಾರು, ನೆಟ್ಟದ್ದು ಏನು ಎಂಬ ಎರಡು ಸಣ್ಣ ಸಂಗತಿಗಳನ್ನು ನಾನು ಬರೆಯಲಿಲ್ಲ, ಅಷ್ಟೆ.

ಚೌತಿ ಬಂತು. ಹಬ್ಬಕ್ಕೆ ಊರಿಗೆ ಹೋಗದ ಮಗ ನಮ್ಮ ಕಡೆ ಮಗನೇ ಅಲ್ಲ. ಆದರೂ ನಾನು ಹೋಗಲಿಲ್ಲ. ಸಾಹೇಬರು ಹಬ್ಬದ ಮರುದಿನ ಬರುವವರಿದ್ದರು. ಬೆಳಗ್ಗೆ ಒಮ್ಮೆ ಹುಲ್ಲು ನೋಡಿ ಬರೋಣವೆಂದು ಬಂಗಲೆಯ ಕಡೆ ಹೋದೆ. ಹುಲ್ಲುಹಾಸಿನ ತುಂಬ ಹೆಂಗಸರು! ಇಪ್ಪತ್ತೈದು ಮೂವತ್ತು ಜನ ಇದ್ದಿರಬೇಕು. ಮೀನುಗಾರರ ಕೇರಿಯವರು, ಗೌಡರ ಕೊಪ್ಪದವರು, ಪೇಟೆಯ ಮನೆಗಳವರು. ಎಲ್ಲರೂ ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು, ಮೂರೆಸಳಿನ ಕುಡಿಗಳನ್ನು ಆರಿಸಿ ಚಿವುಟಿ ಬುಟ್ಟಿಗೆ ಹಾಕುತ್ತಿದ್ದರು. ನಡುವೆ ಸೋಮಿ ಯಜಮಾನಿಯಂತೆ ನಿಂತು, "ಆ ಮೂಲೆಲಿ ಚಲೋ ಇದೆ ಕಾಣಿ, ಅಲ್ಲಿ ಕೂತ್ಕಳ್ಳಿ" ಎನ್ನುತ್ತಿದ್ದಳು.

ನಾನು ಓಡಿದೆ. "ಏಳಿ, ಏಳಿ! ಇದು ಸಾಹೇಬರ ಹುಲ್ಲು! ವಿಲಾಯತಿ ಹುಲ್ಲು! ಗಣಪತಿಗೆ ನಡೆಯುವುದಿಲ್ಲ!" ಎಂದು ಕೂಗಿದೆ. ಬಾಯಿಗೆ ಬಂದದ್ದು ಅದೇ. ಎಲ್ಲರ ಕೈ ನಿಂತಿತು. ಒಬ್ಬ ಮುದುಕಿ ತನ್ನ ಬುಟ್ಟಿಯನ್ನು ನೋಡಿ, ಮುಟ್ಟಬಾರದ್ದನ್ನು ಮುಟ್ಟಿದವಳಂತೆ ಕೈಯನ್ನು ಸೀರೆಗೆ ಒರೆಸಿಕೊಂಡು, "ಅಯ್ಯೋ ದೇವ್ರೇ! ದೇವ್ರಿಗೆ ಅಂತ ಕೊಯ್ದೆನಲ್ಲ!" ಎಂದಳು.

ಸೋಮಿ ನನ್ನ ಕಡೆ ತಿರುಗಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಆಶ್ಚರ್ಯವಾಗಿತ್ತು. "ಎಂತ ಹೇಳ್ತ್ರಿ ಒಡ್ಯಾ? ನನ್ನ ತವ್ರಮನೆ ಗರ್ಕೆ ಇದು. ನೀವೇ ಹೊತ್ಕಂಡ ಬಂದ್ರಿ. ಚೌತಿಗೆ ಆಗ್ಬೇಕು ಅಂದ್ರಿ. ಚೌತಿಗೆ ಗರ್ಕೆ ಗಣಪ್ಪಂಗಲ್ದೆ ಮತ್ತ್ಯಾರಿಗೆ? ಅದ್ಕೇ ನಾ ಕೇರಿ ಕೇರಿಗೆ ಹೇಳ್ದೆ, ಈ ವರ್ಷ ಕಳೆಸೊಪ್ಪಿನೊಳಗೆ ಹುಡುಕೂದ ಬೇಡ, ಒಬ್ರು ಪುಣ್ಯವಂತ್ರು ಊರಿಗೆಲ್ಲ ಗರ್ಕೆ ನೆಡ್ಸಿದಾರೆ ಅಂತ."

ಆ ಪುಣ್ಯವಂತ ನಾನು! ಅವಳು ದಿನಗಟ್ಟಲೆ ಹಿಮ್ಮಡಿ ಊರಿ ಕಾದದ್ದು, ಮಂಡಿ ಊರಿ ಸಾರಿಸಿದ್ದು ಸಾಹೇಬರ ಚಹಾಕ್ಕಲ್ಲ. ನಾವು ದೇವರ ತಲೆಯ ಮೇಲೆ ಇಡುವ ವಸ್ತುವನ್ನು ಇನ್ನೊಬ್ಬರು ಕಾಲ ಕೆಳಗೆ ಹಾಸಿಕೊಳ್ಳಲು ಬೆಳೆಸುತ್ತಾರೆ ಎಂಬುದು ಅವಳ ಕನಸಿನಲ್ಲೂ ಬಂದಿರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಮೋಟಾರಿನ ಸದ್ದಾಯಿತು. ಅರಬೈಲು ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಕಟ್ಟಬಹುದೆಂದು ಹೆದರಿ ಸಾಹೇಬರೂ ಮಡ್ಡಮ್ಮನೂ ಒಂದು ದಿನ ಮೊದಲೇ ಹೊರಟು ಬಂದಿದ್ದರು.

ಸಾಹೇಬರು ಕನ್ನಡದ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಇಳಿದವರೇ, "ಈ ಸ್ತ್ರೀಯರು ಏನನ್ನು ಮಾಡುತ್ತಿದ್ದಾರೆ?" ಎಂದು ವ್ಯಾಕರಣಶುದ್ಧವಾಗಿ ಕೇಳಿದರು. ಸೋಮಿ ಮುಂದೆ ಬಂದು ಎಲ್ಲವನ್ನೂ ಹೇಳಿದಳು. ಅವರ ಬೀಜ ಮೃಗಶಿರಾ ಮಳೆಗೆ ಸಮುದ್ರಕ್ಕೆ ಹೋದದ್ದು, ಪಾಪ ಆ ಬೀಜದ ತಪ್ಪಿಲ್ಲವೆಂಬುದು, ಗಜನಿಯ ಒಡ್ಡು, ಎರಡು ಗಿಣ್ಣು, ಸಗಣಿ, ಎಲ್ಲ. ಸಾಹೇಬರಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಅವರು ಹುಲ್ಲನ್ನು ನೋಡಿ ಮುಖ ಅರಳಿಸಿ, ನನಗೆ ಇಂಗ್ಲಿಷಿನಲ್ಲಿ, "ಅದ್ಭುತ. ಆ ಬೀಜಕ್ಕೆ ಸಾಟಿಯಿಲ್ಲವೆಂದು ನನ್ನ ಗೆಳೆಯರು ಹೇಳಿದ್ದು ನಿಜ. ಇನ್ನೂ ಮೂರು ಡಬ್ಬಿ ತರಿಸೋಣ. ನಿಮ್ಮ ಕಾಗದವನ್ನೂ ಇವತ್ತೇ ತೆಗೆಯುತ್ತೇನೆ. ಅಂದ ಹಾಗೆ, ಈಕೆ ಏನು ಹೇಳುತ್ತಿದ್ದಾಳೆ?" ಎಂದರು.

ನೋಡಿ, ಎಂಥ ಅನುಕೂಲ! ಹೆಂಗಸರಿಗೆ ಅವರ ಕನ್ನಡದಲ್ಲಿ "ಗರಿಕೆಯೇ, ಕೊಯ್ಯಿರಿ" ಎನ್ನಬಹುದಾಗಿತ್ತು. ಸಾಹೇಬರಿಗೆ ಇಂಗ್ಲಿಷಿನಲ್ಲಿ "ನಿಮ್ಮ ಹುಲ್ಲನ್ನು ಹೊಗಳುತ್ತಿದ್ದಾಳೆ" ಎನ್ನಬಹುದಾಗಿತ್ತು. ಗಣಪತಿ, ಸರಕಾರ ಇಬ್ಬರೂ ತೃಪ್ತರು. ಸಂಜೆಯೊಳಗೆ ನಾನು ಕಾಯಂ, ಮುಂದಿನ ವಾರ ಕಾರವಾರದಲ್ಲಿ ಮನೆ. ಬಾಯಿ ತೆರೆದೂ ಇದ್ದೆ. ಸೋಮಿ ನನ್ನ ಮುಖವನ್ನೇ ನೋಡುತ್ತಿದ್ದಳು, ತಾನು ಹೇಳಿದ್ದನ್ನು ಒಡೆಯರು ಹೇಳುತ್ತಾರೆ ಎಂಬ ಪೂರ್ತಿ ನಂಬಿಕೆಯಿಂದ. ಆ ಕೈಗಳ ಕೆಲಸವನ್ನು ಒಂದು ಡಬ್ಬಿಯ ಹೆಸರಿಗೆ ಬರೆದುಕೊಡುವುದು ನನ್ನಿಂದ ಆಗಲಿಲ್ಲ. ನಾನು ಅವಳ ಮಾತನ್ನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಕಡೆಯಿಂದ, ಕಾಗದಗಳಲ್ಲಿ ಬರೆದದ್ದು ಸುಳ್ಳು ಎಂದು ಸೇರಿಸಿದೆ.

ಸಾಹೇಬರು ಬಗ್ಗಿ ಒಂದು ಎಳೆ ಕಿತ್ತು ಹೊರಳಿಸಿ ನೋಡಿದರು. ಮಡ್ಡಮ್ಮ ಹೋಗಿ ಆ ಮುದುಕಿಯ ಪಕ್ಕದಲ್ಲಿ ಕುಳಿತು, ಹೇಗೆ ಕೊಯ್ಯುವುದೆಂದು ಕೈಸನ್ನೆಯಿಂದ ಕೇಳುತ್ತಿದ್ದರು. ಚಿವುಟಿದರೆ ಹುಲ್ಲು ಹಾಳಾಗುವುದಿಲ್ಲವೇ ಎಂದು ಸಾಹೇಬರು ಕೊನೆಗೆ ಕೇಳಿದರು. ಸೋಮಿ ನಕ್ಕಳು: "ಚಿವುಟ್ದಷ್ಟೂ ಹಬ್ತದೆ ಸಾಯ್ಬ್ರೆ. ಗರ್ಕೆಗೆ ಅದೇ ಊಟ." ಇದನ್ನೂ ಅನುವಾದಿಸಿದೆ. ಸಾಹೇಬರು ಹೆಂಗಸರ ಕಡೆ ಕೈ ತೋರಿಸಿ, "ಅವರು ಮುಗಿಸಿಕೊಳ್ಳಲಿ" ಎಂದು ಒಳಗೆ ಹೋದರು. ಹದಿನೈದು ದಿನಗಳಲ್ಲಿ ಆ ಹುಲ್ಲು ಮೊದಲಿಗಿಂತ ಎರಡು ಪಟ್ಟು ಒತ್ತಾಗಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮರುದಿನ ಕಚೇರಿಯಲ್ಲಿ ಸಾಹೇಬರು ಒಂದು ಹುಕುಮಿನ ಕರಡನ್ನು ನನ್ನ ಮುಂದಿಟ್ಟು, ಚೆನ್ನಾಗಿ ನಕಲು ಮಾಡಲು ಹೇಳಿದರು. ಬಂಗಲೆಯ ತೋಟಕ್ಕೆ ಸೋಮಿ ಕಾಯಂ ಮಾಲಿ. ನನ್ನ ಬಗ್ಗೆ, "ಹುಲ್ಲು ಬೇರು ಬಿಟ್ಟಿದೆ. ನಿಮ್ಮ ಮಾತು ಬೇರು ಬಿಡಲು ಇನ್ನೂ ಸ್ವಲ್ಪ ಕಾಲ ಬೇಕು" ಎಂದಷ್ಟೇ ಹೇಳಿದರು. ಕೆಲಸದಿಂದ ತೆಗೆಯಲಿಲ್ಲ, ಅದೇ ದೊಡ್ಡದು. ನಾನು ನನ್ನ ಬದುಕಿನ ಅತ್ಯಂತ ಸುಂದರವಾದ ಅಕ್ಷರದಲ್ಲಿ ಆ ಹುಕುಮನ್ನು ಬರೆದೆ. ಹೆಬ್ಬೆಟ್ಟು ಒತ್ತುವಾಗ ಸೋಮಿ, "ಕಾಯಂ ಅಂದ್ರೆ ಎಂತದು ಒಡ್ಯಾ?" ಎಂದು ಕೇಳಿದಳು. ನಿನ್ನನ್ನು ಯಾರೂ ಹೋಗು ಎನ್ನುವಂತಿಲ್ಲ ಎಂದೆ. "ಇಷ್ಟ ದಿನ ಯಾರ ಅಂದಿದ್ರು?" ಎಂದಳು.

ಶನಿವಾರ ಅಂಕೋಲೆಗೆ ಹೋದೆ. ಹಬ್ಬಕ್ಕೆ ಬಾರದವನಿಗೆ ಸಿಗಬೇಕಾದದ್ದೆಲ್ಲ ಮೊದಲು ಸಿಕ್ಕಿತು. ನಮ್ಮದು ಕೊಂಕಣಿ ಮನೆಮಾತು. ಹೆಂಡತಿಯ ಬೈಗುಳವನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಇಳಿದುಹೋಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕುಳಿತು ಅವಳಿಗೆ ಎಲ್ಲವನ್ನೂ ಹೇಳಿದೆ. ಸಹಿ ಕೈಗೆ ಬಂದದ್ದು, ನಾನೇ ಕಳೆದುಕೊಂಡದ್ದು. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೋಮಿಯ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು.

"ಆ ಹೆಂಗಸು ನೆಡುವ ಮೊದಲು ಯಾರ ಹುಕುಮಿಗೆ ಕಾದಳು?" ಎಂದು ಕೇಳಿದಳು.

"ಯಾರ ಹುಕುಮಿಗೂ ಇಲ್ಲ. ನೆಲ ನೋಡಿದಳು."

"ಮೂರು ವರ್ಷದಿಂದ ನೀವು ಏನು ನೋಡುತ್ತಿದ್ದೀರಿ ಮತ್ತೆ?"

ಸೋಮವಾರ ಬೆಳಗಿನ ಮೋಟಾರಿಗೆ ಅವಳೂ ಹೊರಟಳು. ಒಂದು ಟ್ರಂಕು, ಒಂದು ರುಬ್ಬುವ ಕಲ್ಲು. ಕಾರವಾರದ ಕೋಡಿಬಾಗದಲ್ಲಿ ಎರಡು ಕೋಣೆಯ ಒಂದು ಮನೆ ಹಿಡಿದೆವು. ಮೂರು ಕಡೆ ಸೋರುತ್ತಿತ್ತು, ಈಗಲೂ ಸೋರುತ್ತದೆ. ಆ ಸಾಹೇಬರು ಹೋಗಿ ಇಬ್ಬರು ಸಾಹೇಬರು ಬಂದರು. ನಾನು ಇವತ್ತಿಗೂ ಹಂಗಾಮಿಯೇ. ನಮ್ಮ ಮಗಳಿಗೆ ಬರುವ ಶ್ರಾವಣಕ್ಕೆ ನಾಲ್ಕು ತುಂಬುತ್ತದೆ. ಅಪ್ಪನ ಕಾಯಂ ಹುಕುಮು ಬಂದ ಮೇಲೆಯೇ ಹುಟ್ಟೋಣ ಎಂದು ಅವಳು ಕಾದಿದ್ದರೆ ಇನ್ನೂ ಹುಟ್ಟುತ್ತಿರಲಿಲ್ಲ.